ದೊಡ್ಡಪೇಟೆಯ ನೆಲ ಅಗೆದ ಕಾಲ

ಬೆಂಗಳೂರು ಪೇಟೆಯ ನಡುಬೀದಿ ದೊಡ್ಡಪೇಟೆ. ಕಾಗದಪತ್ರಗಳಲ್ಲಿ ಅದು ಅವೆನ್ಯೂ ರಸ್ತೆ. ಉತ್ತರದಲ್ಲಿ ಮೈಸೂರು ಬ್ಯಾಂಕ್ ವೃತ್ತ, ದಕ್ಷಿಣದಲ್ಲಿ ಕೆ.ಆರ್. ಮಾರುಕಟ್ಟೆ, ಇವೆರಡರ ನಡುವೆ ಬಟ್ಟೆ, ಚಿನ್ನ, ಬೆಳ್ಳಿ, ಕಾಗದ, ಹಳೆಯ ಪುಸ್ತಕ ಎಲ್ಲವೂ ಸಿಗುವ ಇಕ್ಕಟ್ಟಿನ ದಾರಿ. 2021ರ ಸುಮಾರಿಗೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಈ ಬೀದಿಯನ್ನು ಅಗೆದು ಒಳಚರಂಡಿ, ನೀರಿನ ಕೊಳವೆ, ಕೇಬಲ್ಲುಗಳನ್ನೆಲ್ಲ ಹೊಸದಾಗಿ ಹೂಳಿದರು. ಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಬರೀ ರಸ್ತೆ ಕಾಮಗಾರಿ ಆಗಿರಲಿಲ್ಲ. ನಮ್ಮ ಕಾಲಡಿಯ ನೆಲ ಅಷ್ಟು ಆಳಕ್ಕೆ ತೆರೆದುಕೊಂಡದ್ದನ್ನು ನಾವು ಯಾರೂ ಅದಕ್ಕೆ ಮೊದಲು ಕಂಡಿರಲಿಲ್ಲ.

ಊರಿನ ಲೆಕ್ಕ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಂದನೇ ಕೆಂಪೇಗೌಡರು ಪೇಟೆ ಕಟ್ಟಿಸಿದ್ದು 1537ರಲ್ಲಿ. ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಪೇಟೆಗೆ ನುಗ್ಗಿದ್ದು 1791ರ ಮಾರ್ಚ್ 7ರಂದು. ಪಕ್ಕದ ಕೋಟೆ ಬಿದ್ದದ್ದು ಅದೇ ತಿಂಗಳ 21ರಂದು. ಪುರಸಭೆ ಬಂದದ್ದು 1862ರಲ್ಲಿ. ಪ್ಲೇಗು 1898ರಲ್ಲಿ.

ನಾನು ನಿಲ್ಲಬೇಕಾದ ಜಾಗ ದೊಡ್ಡಪೇಟೆಗೆ ಚಿಕ್ಕಪೇಟೆ ಕೂಡುವ ಚೌಕ. ಕೆಂಪೇಗೌಡರು ಪೇಟೆ ಕಟ್ಟಿಸುವಾಗ ಶುಭ ಮುಹೂರ್ತ ನೋಡಿ, ನಾಲ್ಕು ನೇಗಿಲಿಗೆ ಬಿಳಿ ಎತ್ತುಗಳನ್ನು ಹೂಡಿ, ಇಲ್ಲಿಂದ ನಾಲ್ಕು ದಿಕ್ಕಿಗೆ ಬಿಟ್ಟರಂತೆ. ನೇಗಿಲು ಗೀರಿದ ಸಾಲೇ ಬೀದಿಯಾಯಿತು, ಎತ್ತು ನಿಂತ ಕಡೆ ಊರಬಾಗಿಲಾಯಿತು: ಪೂರ್ವಕ್ಕೆ ಹಲಸೂರು, ಪಶ್ಚಿಮಕ್ಕೆ ಸೊಂಡೆಕೊಪ್ಪ, ಉತ್ತರಕ್ಕೆ ಯಲಹಂಕ, ದಕ್ಷಿಣಕ್ಕೆ ಆನೇಕಲ್. ದಕ್ಷಿಣದ ಬಾಗಿಲು ಕಟ್ಟಿದಷ್ಟೂ ಕುಸಿದಾಗ ಗೌಡರ ತುಂಬುಬಸುರಿ ಸೊಸೆ ಲಕ್ಷ್ಮಮ್ಮ ರಾತ್ರೋರಾತ್ರಿ ಹೋಗಿ ಬಲಿಯಾದಳೆಂಬ ಕತೆಯನ್ನು ನಮ್ಮ ಮನೆಗಳಲ್ಲಿ ಈಗಲೂ ತಗ್ಗಿದ ದನಿಯಲ್ಲೇ ಹೇಳುತ್ತಾರೆ. ಕೋರಮಂಗಲದಲ್ಲಿ ಆಕೆಯ ಗುಡಿ ಇದೆ.

ಎತ್ತು ನಿಂತದ್ದು ಈ ಬಾಗಿಲುಗಳ ಹತ್ತಿರವಲ್ಲ, ಲಾಲ್‌ಬಾಗಿನ ಬಂಡೆ ಮೇಲಿರುವಂಥ ನಾಲ್ಕು ಗೋಪುರಗಳ ಹತ್ತಿರ ಎಂದು ಹಲವರು ಹೇಳುತ್ತಾರೆ. ಶಾಲೆಯ ಮಕ್ಕಳಿಗೂ ಹಾಗೇ ಹೇಳಿಕೊಡುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. 1791ರ ಮುತ್ತಿಗೆಯ ಕಾಲದಲ್ಲಿ ಬ್ರಿಟಿಷರು ಬರೆಸಿದ ನಕ್ಷೆಯಲ್ಲಿ ಪೇಟೆಯ ಸುತ್ತ ಮಣ್ಣಿನ ಗೋಡೆ ಇದೆ, ಅದರಾಚೆ ಕಂದಕ ಮತ್ತು ಮುಳ್ಳುಬೇಲಿ. ಉತ್ತರದಿಂದ ದಕ್ಷಿಣಕ್ಕೆ ನೆಟ್ಟಗೆ ಹೋಗುವ ಬೀದಿ ನಮ್ಮ ದೊಡ್ಡಪೇಟೆಯೇ. ಗೋಪುರಗಳು ಆ ಗೋಡೆಗಿಂತ ಎಷ್ಟೋ ಹೊರಗೆ, ಕೆರೆ ಏರಿಗಳ ಮೇಲೆ, ಬಂಡೆಗಳ ಮೇಲೆ ನಿಂತಿವೆ. ಊರಬಾಗಿಲೇ ಬೇರೆ, ಕಾವಲಿನ ಗೋಪುರವೇ ಬೇರೆ. ಎರಡು ಕತೆ ಬೆರೆತು ಪೇಟೆಯ ಬಾಗಿಲುಗಳು ಜನರ ನೆನಪಿನಿಂದ ಜಾರಿಹೋದವು.

ಉಳಿದ ಗುರುತು ಒಂದು ಗುಡಿ. ಮೈಸೂರು ಬ್ಯಾಂಕ್ ವೃತ್ತದ ಆಂಜನೇಯನನ್ನು ಹಳಬರು ಇಂದಿಗೂ ಯಲಹಂಕ ಗೇಟ್ ಆಂಜನೇಯ ಎಂದೇ ಕರೆಯುತ್ತಾರೆ. ಬಾಗಿಲು ಹೋಗಿ ಯಾವ ಕಾಲವಾಯಿತೋ, ಬಾಗಿಲು ಕಾಯುವ ದೇವರು ಮಾತ್ರ ಕದಲಿಲ್ಲ. ಬಸ್ಸು ಹಿಡಿಯಲು ಓಡುವವರು ಒಂದು ಕ್ಷಣ ಚಪ್ಪಲಿ ಬಿಟ್ಟು ಕೈಮುಗಿದು ಹೋಗುತ್ತಾರೆ. ನಾಲ್ಕು ಬಾಗಿಲುಗಳಲ್ಲಿ ಉತ್ತರದ ಬಾಗಿಲು ಎಲ್ಲಿತ್ತು ಎಂದು ಇವತ್ತು ಕೈತೋರಿಸಿ ಹೇಳಬಹುದಾದರೆ ಅದು ಈ ಗುಡಿಯ ದಯೆ.

ನೆಲದಡಿಯ ಸೌಕರ್ಯ ನಮ್ಮ ಬೀದಿಗೆ ತಡವಾಗಿ ಬಂತು. ಮೊದಲು ಪೇಟೆಗೆ ನೀರು ಧರ್ಮಾಂಬುಧಿ ಕೆರೆಯದು, ಬಾವಿ ಕಲ್ಯಾಣಿಗಳದು. ಆ ಕೆರೆಯ ಅಂಗಳದಲ್ಲೇ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು. 1896ರಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ಕೊಳವೆಯಲ್ಲಿ ಬಂತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ. ಕಾವೇರಿ ಬಂದದ್ದು 1974ರಲ್ಲಿ. ವಿದ್ಯುತ್ ದೀಪ 1905ರ ಆಗಸ್ಟ್ 5ರಂದು ಶಿವನಸಮುದ್ರದ ಕರೆಂಟಿನಿಂದ ಮಾರುಕಟ್ಟೆಯ ಕಡೆ ಹೊತ್ತಿತು. ಇಷ್ಟೂ ತಂತಿ, ಕೊಳವೆ ಒಂದರ ಮೇಲೊಂದು ಬಂದು ಕೂತದ್ದು ಎತ್ತಿನಗಾಡಿಗೆಂದು ಆದ ಬೀದಿಯಲ್ಲಿ. ಒಬ್ಬರು ಡಾಂಬರು ಹಾಕಿ ಹೋದರೆ ಇನ್ನೊಬ್ಬರು ಬಂದು ಅಗೆಯುವುದು ವಾಡಿಕೆಯಾಗಿತ್ತು. ನೀರು, ಕೊಳಚೆ, ಮಳೆನೀರು, ವಿದ್ಯುತ್ತು, ಫೈಬರ್ ಎಲ್ಲಕ್ಕೂ ಮೊದಲೇ ಜಾಗ ಗೊತ್ತುಮಾಡಿ, ಆದಷ್ಟನ್ನು ಪಾದಚಾರಿ ದಾರಿಯಡಿ ಡಕ್ಟುಗಳಲ್ಲಿ ಕೂರಿಸಿ, ಮುಂದೆ ಮುಚ್ಚಳ ತೆಗೆದು ರಿಪೇರಿ ಮಾಡುವುದು ಈ ಸ್ಮಾರ್ಟ್ ಸಿಟಿ ಕಾಮಗಾರಿಯ ಟೆಂಡರ್‌ಶ್ಯೂರ್ ಮಾದರಿಯ ತಿರುಳು. ಆ ವಿಚಾರಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಅಗೆದ ಗುಂಡಿಯ ಅಂಚಿನಲ್ಲಿ ನಿಂತು ನೋಡಿದೆ. ಮೇಲೆ ಡಾಂಬರಿನ ಕಪ್ಪು ಪದರಗಳು, ಒಂದರ ಮೇಲೊಂದು ಗೇಣುಗಟ್ಟಲೆ. ಕೆಳಗೆ ಜಲ್ಲಿ, ಅದರಡಿ ಇಟ್ಟಿಗೆ ಚೂರು ಬೆರೆತ ಬೂದು ಮಣ್ಣು. ಅದಕ್ಕೂ ಕೆಳಗೆ ಹಳೆಯ ಸುಟ್ಟಮಣ್ಣಿನ ಚರಂಡಿ ಕೊಳವೆ ಸೀಳಿ, ಕಪ್ಪು ನೀರು ಒಸರುತ್ತಿತ್ತು. ಕೊಳವೆಯ ಪಕ್ಕ ಯಾವುದೋ ಕಟ್ಟಡದ ಸೈಜುಗಲ್ಲೊಂದು ಅಡ್ಡ ಬಿದ್ದಿತ್ತು. ಹಲವು ಹಳೆಯ ಅಂಗಡಿಗಳ ಹೊಸ್ತಿಲು ರಸ್ತೆಗಿಂತ ತಗ್ಗಿನಲ್ಲಿರುವುದು ಏಕೆಂದು ಆ ಡಾಂಬರಿನ ದಪ್ಪ ನೋಡಿದ ಮೇಲೆ ಯಾರೂ ಕೇಳಬೇಕಿರಲಿಲ್ಲ. ಮಳೆ ಬಂದರೆ ಒಳಗೆ ನೀರು ನುಗ್ಗುವುದು ಅಂಗಡಿಯವರ ತಪ್ಪಲ್ಲ. ಮೇಸ್ತ್ರಿಯನ್ನು ಆ ಕಲ್ಲಿನ ಬಗ್ಗೆ ವಿಚಾರಿಸಿದೆ. “ಇಂಥವು ಸಿಗ್ತಾನೇ ಇರ್ತವೆ ಸಾರ್, ಮಣ್ಣಿನ ಜತೆ ಲೋಡಿಗೆ ಹೋಗ್ತವೆ” ಅಂದ. ಮಾರನೆಯ ದಿನ ಕಲ್ಲು ಅಲ್ಲಿರಲಿಲ್ಲ.

ನನ್ನ ದೂರು ಧೂಳಿನದಲ್ಲ, ವ್ಯಾಪಾರ ನಿಂತದ್ದರದ್ದೂ ಅಲ್ಲ. ಆ ನಷ್ಟ ನಿಜ. ಕೊರೊನಾದ ಬೆನ್ನಿಗೇ ಬೀದಿ ಬಂದ್ ಆಗಿ ಮದುವೆ ಸೀಸನ್ನಿನ ವ್ಯಾಪಾರವೂ ಕೈತಪ್ಪಿತೆಂದು ಕಣ್ಣಲ್ಲಿ ನೀರು ಹಾಕಿದ ಸೀರೆ ವ್ಯಾಪಾರಿಯನ್ನು ಬಲ್ಲೆ. ಆದರೆ ಅಂಗಡಿ ಮತ್ತೆ ತೆರೆಯುತ್ತದೆ. ಸುಮಾರು ಐನೂರು ವರ್ಷದ ಬೀದಿಯ ಮಣ್ಣು ಒಮ್ಮೆ ಲೋಡಿಗೆ ಹೋದರೆ ಹೋಯಿತು. ಮೆಟ್ರೋ ಕಾಮಗಾರಿಗೆಂದು ಕೋಟೆಯ ಬಳಿ ಅಗೆದಾಗ ಹಳೆಯ ಫಿರಂಗಿಗಳು ಸಿಕ್ಕಿದ್ದು ಊರಿಗೆಲ್ಲ ಗೊತ್ತು. ಈ ಭಾಗದ ನೆಲದೊಳಗೆ ಏನಿದೆ ಎಂದು ತಿಳಿಯಲು ಅಷ್ಟು ಸಾಕಿತ್ತು. ಗುಂಡಿಯ ಪಕ್ಕ ಒಬ್ಬ ತಿಳಿದವನನ್ನು ನಿಲ್ಲಿಸಿ, ಪದರ ಪದರದ ಫೋಟೋ ತೆಗೆಸಿ, ಸಿಕ್ಕ ಕಲ್ಲು ಯಾವ ಅಂಗಡಿಯ ಮುಂದೆ ಎಷ್ಟು ಅಡಿ ಆಳದಲ್ಲಿತ್ತು ಎಂದು ಬರೆಸಲು ಟೆಂಡರಿನಲ್ಲಿ ಒಂದು ಸಾಲು ಸಾಕು.

ಇದೇ ಬೀದಿಯಲ್ಲಿ ರೈಸ್ ಸ್ಮಾರಕ ಚರ್ಚಿದೆ. ಬೆಂಗಳೂರಿನಲ್ಲಿ ದೀರ್ಘಕಾಲ ದುಡಿದ ಪಾದ್ರಿ ಬೆಂಜಮಿನ್ ರೈಸ್ ಅವರ ನೆನಪಿನದು. ಅವರ ಮಗ ಬಿ.ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಮೈಸೂರು ಸಂಸ್ಥಾನದ ಮೂಲೆ ಮೂಲೆಯ ಕಲ್ಲುಗಳನ್ನು ಹುಡುಕಿಸಿ, ಸಾವಿರಾರು ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅಂಥವರ ಮನೆತನದ ಹೆಸರು ಹೊತ್ತ ಚರ್ಚಿನ ಬೀದಿಯಲ್ಲೇ ಕಲ್ಲುಗಳು ಕೇಳುವವರಿಲ್ಲದೆ ಲಾರಿ ಹತ್ತಿದ್ದು ನನಗೆ ಬಹಳ ನೋವಿನ ವಿಷಯ.

ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ಈ ಬೀದಿಯಲ್ಲೂ ಬರುತ್ತದೆ. ಕರಗ ಹೊತ್ತವರ ಪಾದಕ್ಕೆ ಈಗ ಸಮನಾದ ನೆಲ ಸಿಕ್ಕಿದೆ, ಅದು ಸಂತೋಷ.

ಹೋದ ಮಣ್ಣು ಬರುವುದಿಲ್ಲ, ಆದರೆ ಕಾಗದ ಇನ್ನೂ ಇದೆ. ಪೇಟೆಯ ಹಳೆಯ ಮನೆ ಅಂಗಡಿಗಳ ಕ್ರಯಪತ್ರಗಳ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಓಣಿ, ಉತ್ತರಕ್ಕೆ ಯಾವ ಬಾವಿ ಎಂದು ಬರೆದಿರುತ್ತಾರೆ. ಮುಚ್ಚಿಹೋದ ಬಾವಿ, ಗೋಡೆ, ಕಟ್ಟೆಗಳ ಜಾಗ ಹಿಡಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಬೀರುವಿನಲ್ಲಿ ಇಂಥ ಪತ್ರ ಇರುವವರು ಆಸ್ತಿಯ ಬೆಲೆ ಗಿಲೆ ಏನೂ ತೋರಿಸುವುದು ಬೇಡ. ಚಕ್ಕುಬಂದಿಯ ನಾಲ್ಕು ಸಾಲು ಮತ್ತು ಇಸವಿ ನಕಲು ಮಾಡಿಕೊಟ್ಟರೆ ಸಾಕು. ಚಿಕ್ಕಪೇಟೆ ಚೌಕದಿಂದ ಆಂಜನೇಯನ ಗುಡಿಯವರೆಗಿನ ಎಡಗಡೆಯ ಅಂಗಡಿಗಳಿಂದ ನಾನು ಶುರುಮಾಡಿದ್ದೇನೆ.