ನಾಗರಕಲ್ಲಿಗೆ ಅಂತ ಹೋಗಿ, ಇನ್ನೊಂದು ಕಲ್ಲು ನೋಡಿ ಬಂದಿದ್ದು

ಹೋದ ವಾರ ಟೊಮ್ಯಾಟೊ ಕೊನೇ ಕೊಯ್ಲು ಮುಗೀತು. ಕಡ್ಡಿ ಕಿತ್ತು, ದಾರ ಬಿಚ್ಚಿ, ಎರಡು ದಿನ ಸುಮ್ಮನೆ ಇರೋಣ ಅಂತ ಕೂತಿದ್ದೆ. ಅಷ್ಟರಲ್ಲಿ ಮನೆಯವಳು ಹಳೇ ಹರಕೆ ನೆನಪು ಮಾಡಿದಳು. ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸ್ತೀನಿ ಅಂತ ಮೂರು ವರ್ಷದ ಹಿಂದೆ ಹೇಳಿಕೊಂಡಿದ್ದಳು. ಕಾರಣ ನಿಮಗೆಲ್ಲ ಗೊತ್ತಿರೋದೇ, ನಿಮ್ಮಲ್ಲಿ ಎಷ್ಟೋ ಮನೆಯ ಕಥೆಯೂ ಅದೇ. ಮಗನಿಗೆ ಮೂವತ್ತೊಂದು ತುಂಬಿತು. ಎರಡೆಕರೆ ಡ್ರಿಪ್ ಇದೆ, ಹುಳು ಮನೆ ಇದೆ, ಎರಡು ಸೀಮೆಹಸು ಇವೆ. ಹುಡುಗಿ ಕಡೆಯೋರು ಬರ್ತಾರೆ, ಕಾಫಿ ಕುಡೀತಾರೆ, "ಬೆಂಗಳೂರಲ್ಲಿ ಏನಾದ್ರೂ ಕೆಲಸ ಇದ್ಯಾ?" ಅಂತ ಕೇಳ್ತಾರೆ, ಹೋಗ್ತಾರೆ.

ಬೆಳಿಗ್ಗೆ ಹಾಲು ಡೇರಿಗೆ ಹಾಕಿ ಹೊರಟ್ವಿ. ಚಿಂತಾಮಣಿಯಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಮಂಚೇನಹಳ್ಳಿ ದಾಟಿ ಗೌರಿಬಿದನೂರು. ಅಲ್ಲಿಂದ ಹಿಂದೂಪುರದ ದಿಕ್ಕಿಗೆ ಆರೇಳು ಕಿಲೋಮೀಟರ್ ಅಷ್ಟೆ. ಉತ್ತರ ಪಿನಾಕಿನಿ ದಡದಲ್ಲಿದೆ ಕ್ಷೇತ್ರ. ನಂದಿ ಬೆಟ್ಟದ ಸಾಲಲ್ಲಿ ಹುಟ್ಟಿ ಆಂಧ್ರಕ್ಕೆ ಹೋಗೋ ಹೊಳೆ ಇದು. ದಡ ಅಂತೀವಿ, ನಾವು ಹೋದಾಗ ನೀರು ಮಾತ್ರ ಇರಲಿಲ್ಲ. ನಮ್ಮ ಸೀಮೆ ಹೊಳೆಗಳ ಹಣೆಬರಹ ನಿಮಗೆ ಹೇಳಬೇಕಾಗಿಲ್ಲ.

ವಿದುರ ನೆಟ್ಟ ಅಶ್ವತ್ಥ ಅನ್ನೋದು ಸ್ಥಳಪುರಾಣ, ಅದಕ್ಕೇ ಊರಿಗೆ ಆ ಹೆಸರು. ಜನ ತಲೆತಲಾಂತರದಿಂದ ಸುತ್ತು ಹಾಕಿದ ಆ ಹಳೇ ಅರಳಿಮರ 2001ರಲ್ಲಿ ಉರುಳಿಬಿತ್ತು. ಮರ ಹೋದರೂ ಕಲ್ಲುಗಳು ಹೋಗಿಲ್ಲ. ಎಲ್ಲಿ ನೋಡಿದರೂ ನಾಗರಕಲ್ಲು. ಒಂದಕ್ಕೊಂದು ಒರಗಿಕೊಂಡು, ಸಾಲುಸಾಲಾಗಿ, ಸಾವಿರಗಟ್ಟಲೆ. ಮಕ್ಕಳಾಗಲಿ, ಮದುವೆಯಾಗಲಿ, ಚರ್ಮರೋಗ ವಾಸಿಯಾಗಲಿ ಅಂತ ಒಬ್ಬೊಬ್ಬರು ತಂದು ನಿಲ್ಲಿಸಿದ್ದು. ಒಂದೊಂದು ಕಲ್ಲೂ ಒಂದೊಂದು ಮನೆಯ ಚಿಂತೆ ಅಂದುಕೊಳ್ಳಿ. ನಮ್ಮ ಕಲ್ಲೂ ಆ ಸಾಲಿಗೆ ಸೇರಿತು. ಅರಿಶಿನ, ಕುಂಕುಮ, ಹಾಲು ಎಲ್ಲ ಆಯಿತು.

ಇಷ್ಟಕ್ಕೇ ವಾಪಸ್ ಬಂದಿದ್ದರೆ ಈ ಬರಹ ಬರೀತಿರಲಿಲ್ಲ. ನಾನು ಚಿಕ್ಕವನಾಗಿದ್ದಾಗ ಅಪ್ಪನ ಜೊತೆ ಎರಡು ಸಲ ಹೋಗಿದ್ದೆ. ಎರಡು ಸಲವೂ ದೇವರು ನೋಡಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದೆವು. ದೇವಸ್ಥಾನದ ಹತ್ತಿರದಲ್ಲೇ ಇನ್ನೊಂದು ಕಲ್ಲಿದೆ, ಸತ್ಯಾಗ್ರಹದ ಹುತಾತ್ಮರ ಸ್ಮಾರಕ. ಪಕ್ಕದಲ್ಲೇ ವೀರಸೌಧ. ಈ ಸಲ ಮಗ "ಅಪ್ಪ, ಅದೇನು ನೋಡೋಣ ಬಾ" ಅಂದ. ಹೋದ್ವಿ.

1938ನೇ ಇಸವಿ. ಆಗ ಚಿಕ್ಕಬಳ್ಳಾಪುರ ಜಿಲ್ಲೆ ಇರಲಿಲ್ಲ, ಅದು ಆಗಿದ್ದು 2007ರಲ್ಲಿ. ಚಿಂತಾಮಣಿ, ಗೌರಿಬಿದನೂರು ಎಲ್ಲ ಕೋಲಾರ ಜಿಲ್ಲೆ, ಮೈಸೂರು ಸಂಸ್ಥಾನ. ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಬ್ರಿಟಿಷರು ನೇರವಾಗಿ ಆಳುತ್ತಿದ್ದ ಸೀಮೆ ಅಲ್ಲ ನಮ್ಮದು. ಆದರೆ ಜನ ಆರಿಸಿದ ಸರ್ಕಾರವೂ ಇರಲಿಲ್ಲ. ಅದನ್ನ ಕೇಳಿದ್ದು ಮೈಸೂರು ಕಾಂಗ್ರೆಸ್. ಕೇಳೋದಕ್ಕೆ ಹಿಡಿದ ಗುರುತು ಚರಕದ ತ್ರಿವರ್ಣ ಬಾವುಟ. ಸಂಸ್ಥಾನದಲ್ಲಿ ಆ ಬಾವುಟ ಹಾರಿಸಬಾರದು ಅಂತ ಸರ್ಕಾರ ತಡೆ ಹಾಕಿತು.

ಆ ವರ್ಷ ಏಪ್ರಿಲ್ ಎರಡನೇ ವಾರ ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರು ತಡೆ ಮುರಿದು ಬಾವುಟ ಏರಿಸಿದರು. ಅವರನ್ನ ಹಿಡಿದರು, ಆದರೆ ಅಲ್ಲಿ ಗುಂಡು ಹಾರಲಿಲ್ಲ. ಸುದ್ದಿ ಊರೂರಿಗೆ ಹಬ್ಬಿತು, ನಮ್ಮಲ್ಲೂ ಹಾರಿಸಬೇಕು ಅಂತ ಜನ ಎದ್ದರು. ಎರಡೇ ವಾರದಲ್ಲಿ, ಏಪ್ರಿಲ್ 25ಕ್ಕೆ, ವಿದುರಾಶ್ವತ್ಥದಲ್ಲಿ ಸಾವಿರಾರು ಜನ ಸೇರಿದರು.

ಯಾಕೆ ಅಲ್ಲೇ, ಯಾಕೆ ಆವಾಗಲೇ ಅಂತ ರೈತನಾಗಿ ಯೋಚನೆ ಮಾಡಿದೆ. ಏಪ್ರಿಲ್ ಅಂದರೆ ರಾಗಿ ಮನೆ ಸೇರಿ, ಕಣ ಖಾಲಿಯಾಗಿರೋ ಕಾಲ. ಮುಂಗಾರು ಬಿತ್ತನೆಗೆ ಇನ್ನೂ ಟೈಮ್ ಇರುತ್ತೆ. ಆಳು ಮನೆ ಬಿಟ್ಟು ಹೊರಡಬಹುದಾದ ತಿಂಗಳು ಅದೊಂದೇ. ಜಾಗ ನೋಡಿದರೆ ಎಲ್ಲರಿಗೂ ದಾರಿ ಗೊತ್ತಿರೋ ಕ್ಷೇತ್ರ. ಹತ್ತಿರದಲ್ಲೇ ರೈಲು ದಾರಿ, ಆ ಕಡೆ ಆಂಧ್ರದ ಹಳ್ಳಿಗಳು. ನೆಂಟರು, ಬೀಗರು ಸೇರೋ ಜಾಗ. ಕನ್ನಡ ತೆಲುಗು ಎರಡೂ ಅಲ್ಲಿ ಮನೆಮಾತು. ಮೈದಾನದ ಸಭೆಗೆ ಬರೋಕೆ ಅಂಜೋ ಜನ ದೇವರ ಜಾಗಕ್ಕೆ ಅಂಜದೆ ಬರ್ತಾರೆ.

ಸಭೆ ಸೇರಬಾರದು ಅಂತ ಅಲ್ಲಿಗೂ ಆಜ್ಞೆ ಇತ್ತು. ಜನ ಕದಲಲಿಲ್ಲ. ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಒಪ್ಪಿಕೊಂಡಿದ್ದು ಹತ್ತು ಸಾವು. ಜನರ ಲೆಕ್ಕ 32 ಅಂತ, ಇನ್ನು ಕೆಲವರ ಲೆಕ್ಕ 35 ಅಂತ. ಈ ವ್ಯತ್ಯಾಸ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಆಲಿಕಲ್ಲು ಬಿದ್ದಾಗ ಬರಕೊಂಡು ಹೋಗೋರ ಲೆಕ್ಕ ಒಂದು, ಹೊಲದಲ್ಲಿ ನಿಂತೋನ ಲೆಕ್ಕ ಇನ್ನೊಂದು. ಬೆಳೆ ವಿಷಯದಲ್ಲಿ ಹಂಗಾದರೆ ಹೊಟ್ಟೆ ಉರಿಯುತ್ತೆ. ಹೆಣದ ಲೆಕ್ಕವೇ ಹಂಗಾದರೆ?

1919ರ ಅಮೃತಸರದ ಜಲಿಯನ್‌ವಾಲಾಬಾಗ್ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀವಿ. ವಿದುರಾಶ್ವತ್ಥವನ್ನ ಕರ್ನಾಟಕದ ಜಲಿಯನ್‌ವಾಲಾಬಾಗ್ ಅಂತಾರೆ. ಬಸ್ಸಿಗೆ ಅರ್ಧ ದಿನದ ದಾರೀಲಿ ನಡೆದಿದ್ದು ಮಾತ್ರ ನನಗೆ ಐವತ್ತು ದಾಟಿದ ಮೇಲೆ ಸರಿಯಾಗಿ ತಿಳೀತು.

ಆ ಸಾವು ವ್ಯರ್ಥ ಆಗಲಿಲ್ಲ. ಸುದ್ದಿ ಗಾಂಧೀಜಿಯವರೆಗೂ ಹೋಯಿತು. ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿಯವರು ಮೈಸೂರಿಗೆ ಬಂದು ದಿವಾನರ ಜೊತೆ ಮಾತಾಡಿದರು. ಮೇ ತಿಂಗಳಲ್ಲೇ ಒಪ್ಪಂದ ಆಯಿತು, ಅದನ್ನೇ ಮಿರ್ಜಾ-ಪಟೇಲ್ ಒಪ್ಪಂದ ಅನ್ನೋದು. ಸರ್ಕಾರ ಮೈಸೂರು ಕಾಂಗ್ರೆಸ್ಸನ್ನ ಮಾನ್ಯ ಮಾಡಿತು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಆಯಿತು. ಏಪ್ರಿಲ್‌ನಲ್ಲಿ ಯಾವುದಕ್ಕೆ ಗುಂಡು ಹೊಡೆದರೋ ಮೇನಲ್ಲಿ ಅದೇ ಕಾನೂನಾಯಿತು! ಜವಾಬ್ದಾರಿ ಸರ್ಕಾರ ಮಾತ್ರ ಕೈಗೆ ಬಂದಿದ್ದು ಇನ್ನೂ ಒಂಬತ್ತು ವರ್ಷ ಕಳೆದು, 1947ರ ಅಕ್ಟೋಬರ್‌ನಲ್ಲಿ, ಮೈಸೂರು ಚಲೋ ಚಳವಳಿ ನಡೆದ ಮೇಲೆ. ಆಗ ಮೊದಲ ಮುಖ್ಯಮಂತ್ರಿ ಆದವರು ನಮ್ಮ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು.

ಒಂದು ಮಾತು ಸೇರಿಸಬೇಕು. ನಾಲ್ವಡಿಯವರ ಫೋಟೊ ನಮ್ಮನೆಯಲ್ಲೂ ಇದೆ, ತೆಗೆಯೋ ಮಾತೇ ಇಲ್ಲ. ಕನ್ನಂಬಾಡಿ ಕಟ್ಟೆ, ಶಾಲೆ, ಆಸ್ಪತ್ರೆ, ರೇಷ್ಮೆಗೆ ಕೊಟ್ಟ ಬೆಂಬಲ ಎಲ್ಲ ನಿಜ. ಮಿರ್ಜಾ ಅವರೂ ಕೆಲಸಗಾರರೇ. ಅವರ ಆಡಳಿತದಲ್ಲೇ ಇದೂ ನಡೀತು ಅನ್ನೋದೂ ಅಷ್ಟೇ ನಿಜ. ಒಳ್ಳೇ ಸರ್ಕಾರ ಆದರೂ ಕೇಳೋ ಹಕ್ಕು ಜನರ ಕೈಲಿರಬೇಕು ಅಂತ ಆ ಜನ ನಿಂತರು. ನನಗೆ ಅರ್ಥ ಆಗಿದ್ದು ಇಷ್ಟು.

ವೀರಸೌಧದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳಿವೆ. ಮಗ ಒಂದೊಂದೇ ಓದ್ತಾ ಹೋದ. ನಾವು ಮೂವರು ಬಿಟ್ಟರೆ ಆ ಹೊತ್ತಿಗೆ ಒಳಗೆ ಬೇರೆ ಯಾರೂ ಇರಲಿಲ್ಲ. ದೇವಸ್ಥಾನದ ಮುಂದೆ ಮಾತ್ರ ಕಾಲಿಡೋಕೆ ಜಾಗ ಇರಲಿಲ್ಲ.

ಮನೆಯವಳು ಹೊರಗೆ ಸ್ಮಾರಕದ ಹತ್ತಿರ ನಿಂತಿದ್ದಳು. ನಾನು ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವರಲ್ಲಿ ಮದುವೆ ಆಗದೇ ಇದ್ದ ಹುಡುಗರೂ ಇದ್ದಿರಬೇಕು ಅಲ್ವಾ? ಇವರಮ್ಮಂದಿರೂ ಇಲ್ಲೇ ನಾಗಪ್ಪನಿಗೆ ಹರಕೆ ಹೊತ್ತಿರಬಹುದು" ಅಂದಳು. ನನಗೆ ಉತ್ತರ ಬರಲಿಲ್ಲ. ಬುಟ್ಟಿಯಲ್ಲಿ ಒಂದು ಮೊಳ ಸೇವಂತಿಗೆ ಉಳಿದಿತ್ತು, ಅದನ್ನ ಅಲ್ಲಿಟ್ಟಳು.

ದಾರೀಲಿ ಮಗ ಒಂದೇ ಮಾತು ಕೇಳಿದ: "ನಮ್ಮ ಕಡೆಯಿಂದ ಯಾರಾದ್ರೂ ಅವತ್ತು ಹೋಗಿದ್ರಾ ಅಪ್ಪ?" ನಮ್ಮಪ್ಪ ಇದ್ದಿದ್ದರೆ ಕೇಳಬಹುದಿತ್ತು. ಇದ್ದಾಗ ಕೇಳಲಿಲ್ಲ, ಮಂಡಕ್ಕಿ ತಿನ್ನೋದರಲ್ಲೇ ಇದ್ದೆ.

ಹಂಗಾಗಿ ನಿಮ್ಮಲ್ಲಿ ಎರಡು ಮನವಿ. ವಿದುರಾಶ್ವತ್ಥಕ್ಕೆ ಹೋದರೆ ನಾಗಪ್ಪನಿಗೆ ಕೈ ಮುಗಿದ ಮೇಲೆ ಆ ಹತ್ತು ಹೆಜ್ಜೆ ಹಾಕಿ, ಮಕ್ಕಳನ್ನೂ ಕರಕೊಂಡು ಹೋಗಿ. ಇನ್ನೊಂದು, ನಿಮ್ಮ ಮನೇಲಿ ಎಂಬತ್ತು ದಾಟಿದ ಅಜ್ಜ ಅಜ್ಜಿ ಇದ್ದರೆ, ಅವರಪ್ಪನ ಬಾಯಲ್ಲಿ ಈ ಬಾವುಟದ ಕಥೆ ಏನಾದರೂ ಕೇಳಿದ್ದರಾ ವಿಚಾರಿಸಿ. ಕೇಳಿದ್ದರೆ ಬರೆದಿಡಿ. ಮಳೆ ಲೆಕ್ಕ, ಬೋರ್‌ವೆಲ್ ಲೆಕ್ಕ ಬರೆದಿಡ್ತೀವಲ್ಲ, ಇದೂ ಒಂದು ಪುಟ ಇರಲಿ.

ಮಗನ ಮದುವೆ ವಿಷಯ ನಾಗಪ್ಪನಿಗೆ ಬಿಟ್ಟಿದ್ದು. ಆದರೆ ಇನ್ನು ಹುಡುಗಿ ಕಡೆಯೋರು ಬಂದು "ಬರೀ ವ್ಯವಸಾಯಾನಾ?" ಅಂದರೆ ತಲೆ ತಗ್ಗಿಸಬಾರದು ಅಂತ ತೀರ್ಮಾನ ಮಾಡಿದ್ದೀನಿ.