ಅಡುಗೆಮನೆಯ ನಕ್ಷೆಗೂ ಒಂದು ಇತಿಹಾಸವಿದೆ

ಹಳೆಯ ಅಡುಗೆಮನೆಯನ್ನು ಒಡೆದು ಹೊಸದಾಗಿ ಕಟ್ಟಿಸುವುದು ಈಗ ಊರೂರಿನಲ್ಲಿಯೂ ನಡೆಯುತ್ತಿರುವ ಕೆಲಸ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಹಲವರು ಈ ಕಾರ್ಯದಲ್ಲಿ ತೊಡಗಿದ್ದಾರೆ. ಗ್ರಾನೈಟು ಯಾವ ಬಣ್ಣದ್ದು, ಕಪಾಟಿನ ಬಾಗಿಲು ಮರದ್ದೋ ಪ್ಲೈವುಡ್ಡಿನದೋ ಎಂಬ ಚರ್ಚೆ ವಾರಗಟ್ಟಲೆ ಸಾಗುತ್ತದೆ. ಆದರೆ ಒಲೆ, ನೀರು, ದಿನಸಿ ಇವು ಒಂದಕ್ಕೊಂದು ಎಷ್ಟು ದೂರದಲ್ಲಿರಬೇಕು, ಕಟ್ಟೆಯ ಎತ್ತರ ಯಾರ ಅಳತೆಗೆ ಹೊಂದಬೇಕು ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ಮೇಸ್ತ್ರಿಯ ರೂಢಿಗೆ ಬಿಟ್ಟುಹೋಗುತ್ತವೆ. ಈ ಪ್ರಶ್ನೆಗಳಿಗೆ ಒಂದೂವರೆ ಶತಮಾನದ ಇತಿಹಾಸವಿದೆ. ರಾಜರ ಮತ್ತು ಯುದ್ಧಗಳ ಪಾಠಗಳ ನಡುವೆ ಅದಕ್ಕೆ ಸ್ಥಳ ದೊರೆಯಲಿಲ್ಲ. ಆದ್ದರಿಂದ ಇಲ್ಲಿ ಸಂಕ್ಷೇಪವಾಗಿ ನಿವೇದಿಸುತ್ತೇನೆ.

ಈ ವಿಷಯವನ್ನು ಕ್ರಮಬದ್ಧವಾಗಿ ಚಿಂತಿಸಿದವರಲ್ಲಿ ಮೊದಲಿಗರೆಂದು ಅಮೆರಿಕದ ಶಿಕ್ಷಕಿ ಕ್ಯಾಥರೀನ್ ಬೀಚರ್ ಅವರನ್ನು ಹೆಸರಿಸಬಹುದು. 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದ ಹ್ಯಾರಿಯಟ್ ಬೀಚರ್ ಸ್ಟೋವ್ ಇವರ ತಂಗಿ. ಸೋದರಿಯರಿಬ್ಬರೂ ಸೇರಿ 1869ರಲ್ಲಿ ಗೃಹನಿರ್ವಹಣೆಯ ಕುರಿತು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಕ್ಯಾಥರೀನ್ ಅವರು ಹಡಗಿನ ಅಡುಗೆಕೋಣೆಯನ್ನು ಮಾದರಿಯಾಗಿ ತೋರಿಸಿದರು. ಹಡಗಿನಲ್ಲಿ ಇಕ್ಕಟ್ಟಾದ ಜಾಗದಲ್ಲಿ ಬಹಳ ಜನರಿಗೆ ಅಡುಗೆಯಾಗಬೇಕು. ಆದ್ದರಿಂದ ಪ್ರತಿಯೊಂದು ವಸ್ತುವೂ ಕೈಗೆಟಕುವಂತಿರುತ್ತದೆ. ಮನೆಯಲ್ಲಿ ಮಾತ್ರ ಹಿಟ್ಟು ಒಂದು ಮೂಲೆಯಲ್ಲಿ, ಪಾತ್ರೆ ಇನ್ನೊಂದು ಕೋಣೆಯಲ್ಲಿ ಏಕಿರಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಕಿಟಕಿಯ ಬೆಳಕಿನಲ್ಲಿ ಕೆಲಸದ ಹಲಗೆ, ಅದರ ಕೆಳಗೆ ಹಿಟ್ಟಿನ ಪೆಟ್ಟಿಗೆ, ಪಕ್ಕದಲ್ಲಿ ನೀರಿನ ತೊಟ್ಟಿ, ಒಲೆಯ ಕಾವು ಇತ್ತ ಬಾರದಂತೆ ನಡುವೆ ಜಾರುಬಾಗಿಲು ಇವು ಅವರ ನಕ್ಷೆಯಲ್ಲಿದ್ದವು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾರ್ಖಾನೆಯ ಲೆಕ್ಕಾಚಾರ ಮನೆಯೊಳಗೆ ಕಾಲಿಟ್ಟಿತು. ಕೆಲಸಗಾರನ ಪ್ರತಿಯೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆಯಬೇಕೆಂಬ ಸಿದ್ಧಾಂತವನ್ನು ಫ್ರೆಡರಿಕ್ ಟೇಲರ್ ಅವರು 1911ರಲ್ಲಿ ಪುಸ್ತಕರೂಪದಲ್ಲಿ ಮಂಡಿಸಿದ್ದರು. ಕ್ರಿಸ್ಟೀನ್ ಫ್ರೆಡರಿಕ್ ಎಂಬ ಲೇಖಕಿ ಅದನ್ನು ಅಡುಗೆಮನೆಗೆ ಅನ್ವಯಿಸಿ 1912ರಲ್ಲಿ ಲೇಖನಮಾಲೆಯನ್ನು, ಮರುವರ್ಷ ಪುಸ್ತಕವನ್ನು ಹೊರತಂದರು. ಅವರ ವಿಧಾನ ಅತ್ಯಂತ ಸರಳವಾದುದು. ಅಡುಗೆಮನೆಯ ನಕ್ಷೆಯ ಮೇಲೆ, ಒಂದು ಊಟ ಸಿದ್ಧವಾಗುವವರೆಗೆ ಗೃಹಿಣಿ ಎಲ್ಲಿಂದೆಲ್ಲಿಗೆ ನಡೆದಳೋ ಅಲ್ಲೆಲ್ಲ ಗೆರೆ ಎಳೆಯುವುದು. ಅಸ್ತವ್ಯಸ್ತವಾದ ಅಡುಗೆಮನೆಯಲ್ಲಿ ಗೆರೆಗಳು ಸಿಕ್ಕುಬಿದ್ದ ನೂಲಿನಂತೆ ಕಾಣುತ್ತವೆ. ತಯಾರಿಸುವ, ಬೇಯಿಸುವ, ಬಡಿಸುವ, ತೊಳೆಯುವ ಕ್ರಮದಲ್ಲಿಯೇ ಸಾಮಾನುಗಳನ್ನು ಜೋಡಿಸಿದರೆ ಗೆರೆಗಳು ಕಡಿಮೆಯಾಗಿ ಒಂದೇ ದಿಕ್ಕಿನಲ್ಲಿ ಹರಿಯುತ್ತವೆ.

ಫ್ರೆಡರಿಕ್ ಅವರ ಪುಸ್ತಕವು ಜರ್ಮನ್ ಭಾಷೆಗೆ ಅನುವಾದಗೊಂಡು ವಿಯೆನ್ನಾದ ತರುಣಿಯೊಬ್ಬರ ಕೈಸೇರಿತು. ಅವರು ಮಾರ್ಗರೆಟೆ ಲಿಹೋಟ್ಸ್ಕಿ, ಆಸ್ಟ್ರಿಯಾದ ಮೊದಮೊದಲ ವಾಸ್ತುಶಿಲ್ಪಿಯರಲ್ಲಿ ಒಬ್ಬರು. ಮೊದಲನೆಯ ಮಹಾಯುದ್ಧದ ತರುವಾಯ ಜರ್ಮನಿಯ ನಗರಗಳಲ್ಲಿ ವಸತಿಯ ಅಭಾವ ತೀವ್ರವಾಗಿತ್ತು. ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಯ ಹೊಣೆ ಹೊತ್ತಿದ್ದ ಎರ್ನ್‌ಸ್ಟ್ ಮೇ ಅವರು 1926ರಲ್ಲಿ ಈಕೆಯನ್ನು ಕರೆಸಿಕೊಂಡರು. ಅಲ್ಲಿಯವರೆಗೆ ಕಾರ್ಮಿಕ ಕುಟುಂಬಗಳಲ್ಲಿ ಅಡುಗೆ, ಊಟ, ಮಕ್ಕಳ ಆಟ, ಕೆಲವೊಮ್ಮೆ ನಿದ್ರೆ ಕೂಡ ಒಲೆಯಿರುವ ಒಂದೇ ಕೋಣೆಯಲ್ಲಿ ನಡೆಯುತ್ತಿತ್ತು. ಅದು ಚಳಿಯ ದೇಶ. ಒಂದೇ ಕೋಣೆಯನ್ನು ಬೆಚ್ಚಗಿಟ್ಟರೆ ಇಂಧನ ಉಳಿಯುತ್ತಿತ್ತು.

ಲಿಹೋಟ್ಸ್ಕಿ ಅವರು ರೈಲಿನ ಭೋಜನದ ಬೋಗಿಯ ಅಡುಗೆಕೋಣೆಯನ್ನು ಗಮನದಲ್ಲಿಟ್ಟುಕೊಂಡು, ಕೆಲಸದ ವೇಳೆಯನ್ನು ಗಡಿಯಾರದಿಂದ ಅಳೆದು ನಕ್ಷೆಯನ್ನು ರಚಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಆರೂಕಾಲು ಅಡಿ ಅಗಲ, ಹನ್ನೊಂದು ಅಡಿ ಉದ್ದ. ಅಷ್ಟರಲ್ಲಿಯೇ ಒಲೆ, ತೊಳೆಯುವ ತೊಟ್ಟಿ, ಕಿಟಕಿಯ ಕೆಳಗೆ ಕೆಲಸದ ಹಲಗೆ, ಅದರ ಮುಂದೆ ತಿರುಗುವ ಕುರ್ಚಿ, ಗೋಡೆಗೆ ಮಡಚಿಡುವ ಇಸ್ತ್ರಿ ಹಲಗೆ, ಹಿಡಿಯಿರುವ ಅಲ್ಯೂಮಿನಿಯಂ ಡಬ್ಬಗಳ ಸಾಲು ಎಲ್ಲವೂ ಅಡಕವಾದವು. ಹಿಟ್ಟಿನ ಡಬ್ಬಕ್ಕೆ ಮಾತ್ರ ಓಕ್ ಮರ. ಅದು ಹುಳು ಬೀಳದಂತೆ ತಡೆಯುತ್ತದೆಂಬ ಕಾರಣಕ್ಕೆ. ಕಪಾಟುಗಳಿಗೆ ನೀಲಿ ಛಾಯೆಯ ಬಣ್ಣ. ನೊಣಗಳು ಅದರ ಮೇಲೆ ಕೂರುವುದಿಲ್ಲವೆಂಬ ಅಂದಿನ ನಂಬಿಕೆಯಿಂದ. ಈ ಅಡುಗೆಮನೆಯು ಮನೆಯೊಂದಿಗೇ ಕಟ್ಟಿಕೊಡಲ್ಪಟ್ಟುದರಿಂದ ಬಾಡಿಗೆದಾರರು ಕಪಾಟುಗಳನ್ನು ಬೇರೆ ಕೊಳ್ಳಬೇಕಾಗಿರಲಿಲ್ಲ. ಫ್ರಾಂಕ್‌ಫರ್ಟಿನಲ್ಲಿ ಇಂತಹವು ಸುಮಾರು 10,000 ನಿರ್ಮಾಣವಾದವು. ಇಂದು ನಾವು ಮಾಡ್ಯುಲರ್ ಕಿಚನ್ ಎಂದು ಕರೆಯುವುದರ ಪೂರ್ವಜ ಇದೇ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಈ ಕಿರಿದಾದ ಕೋಣೆಯಲ್ಲಿ ಒಬ್ಬರು ಮಾತ್ರ ನಿಂತು ಕೆಲಸ ಮಾಡಬಹುದಾಗಿತ್ತು. ಮಗಳು ತಾಯಿಗೆ ನೆರವಾಗಲು ಬಂದರೆ ಇಬ್ಬರ ಮೊಣಕೈಗಳೂ ತಾಕುತ್ತಿದ್ದವು. ಎಲ್ಲರೂ ಒಲೆಯ ಸುತ್ತ ಕೂಡುತ್ತಿದ್ದ ಹಿಂದಿನ ವಾಡಿಕೆಗೆ ಅಲ್ಲಿ ಸ್ಥಳವಿರಲಿಲ್ಲ. ಹೆಜ್ಜೆಗಳು ಉಳಿದವು, ಆದರೆ ಅಡುಗೆ ಮಾಡುವವಳು ಒಂಟಿಯಾದಳು. 1970ರ ದಶಕದ ಮಹಿಳಾ ಚಳವಳಿಯು ಈ ನಕ್ಷೆಯನ್ನು ಟೀಕಿಸಿದ್ದು ಇದೇ ಕಾರಣಕ್ಕೆ. ಆ ನಕ್ಷೆಯನ್ನು ರಚಿಸುವ ಮೊದಲು ತಾವು ಅಡುಗೆಯನ್ನೇ ಮಾಡಿರಲಿಲ್ಲವೆಂದು ಲಿಹೋಟ್ಸ್ಕಿ ಅವರು ಇಳಿವಯಸ್ಸಿನಲ್ಲಿ ನಿಸ್ಸಂಕೋಚವಾಗಿ ಹೇಳಿಕೊಂಡಿದ್ದರು. ನಾಜಿಗಳ ವಿರುದ್ಧ ದುಡಿದು 1941ರಲ್ಲಿ ಬಂಧಿತರಾಗಿ, 1945ರವರೆಗೆ ಸೆರೆಯಲ್ಲಿದ್ದ ಈ ಧೀರ ಮಹಿಳೆ 2000ದ ಜನವರಿಯಲ್ಲಿ, 103ನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ ನಿಧನರಾದರು.

ನಮ್ಮ ನಾಡಿನ ಅಡುಗೆಮನೆಯ ಕಥೆ ಬೇರೊಂದು ಹಾದಿಯಲ್ಲಿ ಸಾಗಿತು. ನೆಲದ ಒಲೆಯ ಮುಂದೆ ಕುಳಿತೇ ಅಡುಗೆ, ಒರಳಿನ ಮುಂದೆ ಕುಳಿತೇ ರುಬ್ಬುವುದು. ಹೀಗಾಗಿ ಕೋಣೆಯೊಳಗಿನ ಹೆಜ್ಜೆಗಳಿಗಿಂತ ಏಳುವ ಕೂರುವ ಶ್ರಮ ಹೆಚ್ಚು. ಹೆಜ್ಜೆಗಳು ಕೋಣೆಯ ಹೊರಗಿದ್ದವು: ಬಾವಿಗೆ, ಸೌದೆಗೆ. ಹೊಗೆಯಂತೂ ಒಳಗೇ ತುಂಬಿಕೊಳ್ಳುತ್ತಿತ್ತು. ಈ ಹೊರಗಿನ ಶ್ರಮವನ್ನು ಲೆಕ್ಕಕ್ಕೆ ತೆಗೆದುಕೊಂಡವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು. ಸೌದೆ ತರಲು, ನೀರು ಹೊರಲು, ಬೇಯಿಸಲು ಮನೆಮಂದಿಗೆ ತಗಲುವ ಹೊತ್ತನ್ನು ದಾಖಲಿಸಿತು. ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ 'ಅಸ್ತ್ರ ಒಲೆ' ಆ ಕೇಂದ್ರದ ಕೊಡುಗೆ. ಅನಿಲದ ಒಲೆ ಬಂದ ಮೇಲೆ ನಮ್ಮವರು ಕುಳಿತಲ್ಲಿಂದ ಎದ್ದು ಕಟ್ಟೆಯ ಮುಂದೆ ನಿಂತರು.

ಅಂದಮೇಲೆ ಈಗ ನಕ್ಷೆ ಬರೆಸುತ್ತಿರುವವರು ಈ ಇತಿಹಾಸದಿಂದ ಪಡೆಯಬಹುದಾದುದೇನು? ಒಲೆ, ತೊಟ್ಟಿ, ಫ್ರಿಜ್ ಈ ಮೂರನ್ನು ಸೇರಿಸುವ ತ್ರಿಕೋನದ ಬಾಹುಗಳ ಒಟ್ಟು ಉದ್ದ 26 ಅಡಿಯನ್ನು ಮೀರಬಾರದೆಂಬ ಸೂತ್ರವಿದೆ. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನಗಳು ಅದಕ್ಕೆ ಮೂಲ. ನನ್ನ ರೇಖಾಗಣಿತದ ವಿದ್ಯಾರ್ಥಿಗಳಿಗೆ ಇದು ಕಷ್ಟವಾಗಲಾರದು! ಆದರೆ ಸೂತ್ರಕ್ಕಿಂತ ಮೊದಲು ಫ್ರೆಡರಿಕ್ ಅವರ ಗೆರೆಗಳನ್ನು ಎಳೆದು ನೋಡಿ. ಒಂದು ಬೆಳಗಿನ ತಿಂಡಿ ಸಿದ್ಧವಾಗುವವರೆಗೆ ನಿಮ್ಮ ತಾಯಿಯವರೋ ಪತ್ನಿಯೋ ಎಲ್ಲೆಲ್ಲಿ ನಡೆದರೆಂದು ಹಾಳೆಯ ಮೇಲೆ ಗುರುತಿಸಿ. ಅವರನ್ನು ನೇರವಾಗಿ ನಿಲ್ಲಿಸಿ, ಮಡಿಸಿದ ಮೊಣಕೈಯ ಎತ್ತರವನ್ನು ಅಳೆದು, ಅದಕ್ಕಿಂತ ನಾಲ್ಕು ಅಂಗುಲ ತಗ್ಗಿಗೆ ಕಟ್ಟೆ ಬರುವಂತೆ ನೋಡಿಕೊಳ್ಳಿ. ಐದಡಿಯ ತಾಯಿಗೆ ಆರಡಿಯ ಮೇಸ್ತ್ರಿಯ ಅಳತೆ ಹೊಂದುವುದಿಲ್ಲ; ಅದರ ಫಲ ನಿತ್ಯದ ಭುಜನೋವು. ಪ್ರತಿದಿನ ಬೇಕಾಗುವ ಡಬ್ಬಗಳು ಸೊಂಟಕ್ಕೂ ಕಣ್ಣಿಗೂ ನಡುವೆ ಇರಲಿ. ಮಂಡಿನೋವಿನವರಿಗಾಗಿ ಕುಳಿತು ತರಕಾರಿ ಹೆಚ್ಚುವಷ್ಟು ಜಾಗವನ್ನೂ ಬಿಡಿ.

ಕೊನೆಯದಾಗಿ, ಫ್ರಾಂಕ್‌ಫರ್ಟಿನ ನಕ್ಷೆಯಲ್ಲಿ ಇಲ್ಲದಿದ್ದ ಒಂದನ್ನು ಸೇರಿಸಿ: ಎರಡನೆಯವರು ನಿಂತು ಕೆಲಸ ಮಾಡುವ ಸ್ಥಳ. ಆ ಎರಡನೆಯವರು ಸೊಸೆಯೇ ಆಗಬೇಕೆಂದೇನೂ ಇಲ್ಲ. ಈ ಲೇಖನವನ್ನು ಓದುತ್ತಿರುವ ಗಂಡುಮಕ್ಕಳೂ ತಮ್ಮ ಮೊಣಕೈಯ ಎತ್ತರವನ್ನು ಒಮ್ಮೆ ಅಳೆದುಕೊಳ್ಳಬಹುದು.