ಸಮುದ್ರ ಸಮೀಕ್ಷೆ ಮತ್ತು ಕರಾವಳಿ ನಿರ್ವಹಣೆ
ಕಡಲತಳದ ಆಳ, ಅಲೆ, ಪ್ರವಾಹ ಹಾಗೂ ಮರಳಿನ ಚಲನೆಯನ್ನು ಅಳೆದು, ಅದರ ಆಧಾರದಲ್ಲಿ ತೀರದ ರಕ್ಷಣೆಯನ್ನೂ ಬಳಕೆಯನ್ನೂ ನಿರ್ಧರಿಸುವ ಕ್ರಮ. ಸುಮಾರು 320 ಕಿ.ಮೀ. ಉದ್ದದ ಕರ್ನಾಟಕ ಕರಾವಳಿಯಲ್ಲಿ ಇದರ ಅಗತ್ಯವನ್ನು ಎತ್ತಿ ತೋರುವುದು ನೇತ್ರಾವತಿ ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲ. ಅಲ್ಲಿ ಕಡಲ್ಕೊರೆತಕ್ಕೆ ಬಹುಕಾಲ ಸಿಕ್ಕ ಉತ್ತರ ಮುಖ್ಯವಾಗಿ ಬಂಡೆ ಸುರಿಯುವುದು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ತೀರದಾಚೆ, ನೀರಿನೊಳಗೆ ದಿಬ್ಬ ಕಟ್ಟಿ ಅಲೆಯ ಬಲ ತಗ್ಗಿಸುವ ಯತ್ನ ನಡೆಯಿತು. ಆಳದ ನಕ್ಷೆಯಿಲ್ಲದೆ ಅಂಥ ದಿಬ್ಬಕ್ಕೆ ಜಾಗ ಗೊತ್ತುಮಾಡಲಾಗದು. ಮನೆ ಕುಸಿಯುತ್ತಿರುವಾಗ ಸಮೀಕ್ಷೆಗೆ ಕಾಯಬೇಕೇ ಎಂಬ ಆಕ್ಷೇಪ ನ್ಯಾಯವಾದುದೇ. ತುರ್ತಿಗೆ ಬಂಡೆ ಬೀಳಲಿ. ಆದರೆ ಮುಂಗಾರಿನಲ್ಲಿ ಒಳಗಡಲಿಗೆ ಸರಿದ ಮರಳಿನಲ್ಲಿ ಬಹುಪಾಲು ಮಳೆಗಾಲದ ನಂತರ ದಡಕ್ಕೆ ಮರಳುತ್ತದೆ. ಒಂದೇ ಋತುವಿನ ಅಳತೆ ತಾತ್ಕಾಲಿಕ ಕೊರೆತವನ್ನು ಶಾಶ್ವತವೆಂದು ತೋರಿಸೀತು. ಅದನ್ನು ನಂಬಿ ಕಟ್ಟಿದ ಗೋಡೆ ಕೊರೆತವನ್ನು ಪಕ್ಕದ ಊರಿಗೆ ದಾಟಿಸಲೂಬಹುದು.